ಹೂಂಗುಟ್ಟುವ ಗೋಡೆ

ಸುಳ್ಳನ್ನು ಮೊದಲು ಹಿಡಿದದ್ದು ಅವಳ ಕಿವಿಯಲ್ಲ, ಅವಳ ಚಪ್ಪಲಿ.

ಹಳೆಯ ಕಲ್ಲಿನ ನೆಲಕ್ಕೆ ಒಂದು ಘನತೆ ಇರುತ್ತದೆ. ಕಾಲಿಟ್ಟರೆ ಟಪ್ಪೆಂದು ಮರುಮಾತಾಡುತ್ತದೆ. ಈ ನೆಲ ಕಿರ್ರೆಂದಿತು, ಆಸ್ಪತ್ರೆಯ ವಾರ್ಡನ್ನು ಆಗತಾನೆ ಯಂತ್ರ ಹಾಕಿ ಉಜ್ಜಿದ ಹಾಗೆ. ಅವಳು ಒಂದು ಗಳಿಗೆ ನಿಂತಳು. ಬಿಳಿ ಕೋಲಿನ ತುದಿಯಿಂದ ಇನ್ನೊಮ್ಮೆ ಮುಟ್ಟಿದಳು. ಆಮೇಲೆ, ಅವಳಲ್ಲಿ ಅನುಮಾನ ಇರಲಿಲ್ಲವೆಂದಲ್ಲ, ನಂಬಿಕೆ ಅದಕ್ಕಿಂತ ದೊಡ್ಡದಿತ್ತು ಎಂದು, ಮುಂದೆ ಹೆಜ್ಜೆ ಇಟ್ಟಳು.

"ಬಂದ್ವಿ ಕಣೇ ಅಜ್ಜಮ್ಮ," ಎಂದ ಕಾಮೆಂಟ್ರಿ. ಅವನ ಮೊಣಕೈ ಅವಳ ಕೈಯಲ್ಲಿತ್ತು. "ಗುಮ್ಮಟದ ಕೆಳಗೇ ಇದ್ದೀವಿ. ಅಬ್ಬಬ್ಬಾ! ತಲೆ ಎತ್ತಿ ನೋಡಿದ್ರೆ ಟೋಪಿ ಬೀಳ್ಬೇಕು."

ಅಜ್ಜಮ್ಮ ಎಂದರೆ ಮುದುಕಿಯಲ್ಲ. ಮೊನ್ನೆ ಮೊನ್ನೆ ಫಿಸಿಯೋಥೆರಪಿ ಪದವಿ ಕೈಗೆ ಬಂದ ಹುಡುಗಿ. ಹುಟ್ಟುಗುರುಡಿ. ಮಾತು ಕಡಿಮೆ, ದೇವರು ದಿಂಡರು ಹೆಚ್ಚು. ಬೆಳಗ್ಗೆ ಎದ್ದ ಕೂಡಲೇ ಗುನುಗುನು ಪದ್ಯ. ಹಾಸ್ಟೆಲಿನಲ್ಲಿ ಮೊದಲ ವಾರವೇ ಹೆಸರು ಬಿದ್ದಿತು, ಬಿದ್ದದ್ದು ಏಳಲಿಲ್ಲ. ಉಳಿದ ಮೂವರೂ ಅದೇ ತರಗತಿಯವರು. ಎಲ್ಲಿ ಊಟ, ಯಾವ ಬಸ್ಸು, ಯಾರ ಪಕ್ಕ ಯಾರು ಎಂದು ಎಲ್ಲವನ್ನೂ ತಾನೇ ತೀರ್ಮಾನಿಸುವ ಹುಡುಗಿ ಮೇಡಮ್ಮು. ಯಾರು ಏನಂದರೂ 'ಅದೇ ಮತ್ತೆ' ಎನ್ನುವ, ಸದಾ ಪುದೀನ ಚೂಯಿಂಗ್ ಗಮ್ ಜಗಿಯುವ ಹುಡುಗ ತಾಳ. ಇನ್ನು ಈ ಕಾಮೆಂಟ್ರಿ. ಅವಳಿಗೆ ಕಣ್ಣಾಗಿದ್ದವನು. ಬ್ಲ್ಯಾಕ್‌ಬೋರ್ಡಿನಲ್ಲಿ ಬರೆದದ್ದು, ಪ್ರೊಫೆಸರರ ಮುಖ ಗಂಟಿಕ್ಕಿದ್ದು, ಕ್ಯಾಂಟೀನಿನ ಬೆಕ್ಕು ಮರಿ ಹಾಕಿದ್ದು, ಎಲ್ಲ ಅವನ ಬಾಯಿಂದ ಅವಳ ಕಿವಿಗೆ. ಅವಳು ಕಂಡ ಲೋಕದಲ್ಲಿ ಅರ್ಧ ಅವಳ ಬೆರಳಿನದು, ಅರ್ಧ ಅವನ ನಾಲಿಗೆಯದು.

ಪರೀಕ್ಷೆ ಮುಗಿದ ಮೇಲೆ ಪರದೇಶಕ್ಕೆ ಪ್ರವಾಸ ಎಂದಾಗ ಅವಳು ಮೊದಲು ಬೇಡವೆಂದಿದ್ದಳು. ಒಪ್ಪಿದ್ದು ಈ ಒಂದು ಗುಮ್ಮಟಕ್ಕಾಗಿ. ಅದರ ಒಳಸುತ್ತಿನಲ್ಲಿ ಒಂದು ಮೊಗಸಾಲೆ ಇದೆಯಂತೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಮಾತು ಗೋಡೆಯ ಮೈಯನ್ನೇ ಸವರಿಕೊಂಡು ಸುತ್ತಿ, ಅತ್ತ ಕಡೆ ನಿಂತವರ ಕಿವಿಯಲ್ಲಿ ಹೋಗಿ ಕೂರುತ್ತದಂತೆ. ಮೊಬೈಲು ಅದನ್ನು ಓದಿ ಹೇಳಿದ ದಿನ ಅವಳಿಗೆ ನೆನಪಾದದ್ದು ಅವಳ ಅಜ್ಜಿ.

ಅಜ್ಜಿಗೆ ಬಾಯಿತುಂಬ ಪದ್ಯ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಸಾಲು ಬಾಯಿಗೆ ಹಾಕಿದವರು. ಒಂದೇ ಕಟ್ಟಳೆ: ಪದ್ಯ ಹೇಳುವಾಗ ಕೇಳುವವರು ಹೂಂ ಅನ್ನಬೇಕು. "ಹೂಂ ಇಲ್ಲದ ಪದ್ಯ ದೇವರ ತನಕ ಹೋಗಲ್ಲ ಮಗಾ, ಅರ್ಧ ದಾರೀಲಿ ಕೂತ್ಬಿಡುತ್ತೆ" ಎನ್ನುತ್ತಿದ್ದರು. "ಯಾರೂ ಇಲ್ಲದಿದ್ರೆ?" ಎಂದರೆ, "ಗೋಡೆ ಇಲ್ವಾ? ಮನಸ್ಸಿಟ್ಟು ಹೇಳು. ಗೋಡೆನೇ ಹೂಂ ಅನ್ನುತ್ತೆ." ಈ ಹೂಂ ಕಥೆ ಗೆಳೆಯರು ಮೂವರಿಗೂ ಗೊತ್ತಿತ್ತು. ಅಜ್ಜಿ ಹೋಗಿ ಒಂದು ವರ್ಷದ ಮೇಲಾಯಿತು. ಹಾಸ್ಟೆಲಿನ ಗೋಡೆ, ಮನೆಯ ಗೋಡೆ, ಯಾವುದೂ ಹೂಂ ಅಂದಿರಲಿಲ್ಲ. ಹೂಂ ಅನ್ನುವ ಗೋಡೆಯೊಂದು ಲೋಕದಲ್ಲಿದೆ ಎಂದ ಮೇಲೆ ಅವಳು ಹೊರಡದೆ ಇದ್ದಾಳೆಯೇ?

"ಮೇಲೆ ಚಿನ್ನದ ನಕ್ಷತ್ರ ಬಿಡಿಸಿದಾರೆ," ಕಾಮೆಂಟ್ರಿ ಹೇಳುತ್ತಿದ್ದ. "ನೀಲಿ ಬಣ್ಣದ ಮೇಲೆ. ಸುತ್ತ ಕಿಟಕಿ. ಬಿಸಿಲು ಕೋಲುಕೋಲಾಗಿ ಇಳೀತಿದೆ."

"ಮೊಗಸಾಲೆ ಮೇಲಿದೆ ಅಂತಿದ್ರಲ್ಲೋ. ಮೆಟ್ಟಿಲು ಹತ್ತಲೇ ಇಲ್ಲ?"

"ಅದು... ಈಗ ಕೆಳಗಿಂದನೇ ಬಿಟ್ಟಿದಾರೆ," ಎಂದಳು ಮೇಡಮ್ಮು ಹಿಂದಿನಿಂದ. "ರಿಪೇರಿಯಂತೆ. ಇಲ್ಲೂ ಹಾಗೇ ಕೇಳುತ್ತಂತೆ."

"ಅದೇ ಮತ್ತೆ," ಎಂದ ತಾಳ.

ಕಾಮೆಂಟ್ರಿ ಅವಳ ಅಂಗೈಯನ್ನು ಗೋಡೆಗೆ ತಾಗಿಸಿದ. ಗೋಡೆ ನುಣ್ಣಗಿತ್ತು, ಬೆಚ್ಚಗಿತ್ತು. ಪರವಾಗಿಲ್ಲ, ಬಿಸಿಲು ಬಿದ್ದಿರಬೇಕು. ಅವಳು ಚಪ್ಪಲಿ ಕಳಚಿದಳು. ಸೆರಗು ಇಲ್ಲದಿದ್ದರೂ ದುಪಟ್ಟಾವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಹಣೆಯನ್ನು ಗೋಡೆಗಿಟ್ಟು, ಅಜ್ಜಿ ಮೊದಲು ಕಲಿಸಿದ ಎರಡು ಸಾಲನ್ನು ಉಸಿರಿನಷ್ಟೇ ದನಿಯಲ್ಲಿ ಹೇಳಿದಳು:

"ಬಾಗಿಲೊಳಗೂ ನೀನೆ, ಬಾಗಿಲಾಚೆಗು ನೀನೆ,
ಕೂಗಿದರೆ ಓ ಎನ್ನು ಸಾಕು ತಂದೆ."

ಕಾದಳು.

"ಹೂಂ," ಎಂದಿತು.

ಅವಳ ಮೈ ಜುಮ್ಮೆಂದಿತು. ಕಣ್ಣು ತುಂಬಿತು. ಅಜ್ಜಿಯ ತೊಡೆ, ಅಜ್ಜಿಯ ಕೈಬಳೆ, ಎಲ್ಲ ಒಂದೇ ಸಲ ಎದೆಗೆ ನುಗ್ಗಿತು. ಮರುಕ್ಷಣ ಪುದೀನದ ವಾಸನೆ ಬಂತು. ಹೂಂ ಬಂದದ್ದು ಗೋಡೆಯ ಒಳಗಿನಿಂದಲ್ಲ. ಅವಳ ಬಲಗಿವಿಯ ಹಿಂದೆ, ಒಂದು ಮಾರು ದೂರದಿಂದ. ಅದರ ಬೆನ್ನಿಗೇ ಯಾರೋ ಮೂಗಿನಲ್ಲಿ ನಗು ತಡೆದುಕೊಂಡರು.

ಸಿಟ್ಟು ಎಲ್ಲರಿಗೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಕೆಲವರಿಗೆ ನೆತ್ತಿಗೇರುತ್ತದೆ. ಅವಳಿಗೆ ಅಂಗಾಲಿನಲ್ಲಿ ಹುಟ್ಟಿತು. ಬರಿಗಾಲಿನ ಕೆಳಗೆ ನೆಲ ಸಣ್ಣಗೆ ನಡುಗುತ್ತಿತ್ತು. ಎಲ್ಲೋ ಹತ್ತಿರದಲ್ಲೇ ಓಡುವ ಮೆಟ್ಟಿಲು ಇದೆ, ಎಸ್ಕಲೇಟರು. ಅವಳು ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿದಳು. ಟೊಳ್ಳು. ರಟ್ಟಿನ ಪೆಟ್ಟಿಗೆಯ ಹಾಗೆ ಬೊಕ್ ಎಂದಿತು.

ಆದರೂ ಬಾಯಿಬಿಡಲಿಲ್ಲ. ಬಾವಿಗೆ ಇಳಿದವನು ಎಷ್ಟು ಆಳ ಇಳಿಯುತ್ತಾನೋ ಇಳಿಯಲಿ, ಹಗ್ಗ ಆಮೇಲೆ ಎಳೆದರಾಯಿತು.

"ಕಾಮೆಂಟ್ರಿ, ಇನ್ನೊಂದ್ಸಲ ಹೇಳೋ. ಗುಮ್ಮಟ ಹೇಗಿದೆ?"

"ಹೇಳಿದ್ನಲ್ಲ. ನೀಲಿ, ಚಿನ್ನದ ನಕ್ಷತ್ರ..."

"ಪಾರಿವಾಳ ಇದ್ಯಾ? ಇಂಥ ಕಡೆ ಇರುತ್ತಂತೆ."

"ಇದೆ ಇದೆ. ಒಂದು ಹಿಂಡೇ ಇದೆ. ಈಗ ನೋಡು, ಹಾರಿದ್ವು."

"ಎಲ್ಲಾ ಒಟ್ಟಿಗೆ ಹಾರಿದ್ವಾ?"

"ಹೂಂ, ಒಟ್ಟಿಗೇ."

"ರೆಕ್ಕೆ ಬಿಚ್ಚಿಟ್ಟು ಹಾರಿದ್ವೇನೋ? ಒಂದು ಪಟಪಟ ಇಲ್ಲ."

ಅಷ್ಟರಲ್ಲಿ ಎಲ್ಲಿಂದಲೋ ಟಿಂಗ್ ಟಾಂಗ್ ಟಿಂಗ್ ಎಂದು ಗಂಟೆ ಬಾರಿಸಿ, ಒಬ್ಬ ಹೆಂಗಸಿನ ಸಕ್ಕರೆಯ ದನಿ ಪರಭಾಷೆಯಲ್ಲಿ ಏನನ್ನೋ ಸಾರಿತು.

"ಇದು ನಿನ್ನೆ ಮೇಡಮ್ಮು ಬೂಟು ಕೊಂಡ ಮಾಲ್‌ನ ಗಂಟೆ," ಎಂದಳು ಅವಳು. ದನಿ ಏರಿಸಲಿಲ್ಲ. "ಅಲ್ಲಿಗೇ ಕರ್ಕೊಂಡು ಬಂದಿದೀರ. ಅಲ್ವಾ?"

ತಾಳ ಜಗಿಯುವುದನ್ನು ನಿಲ್ಲಿಸಿದ.

"ಅದು ಹಾಗಲ್ವೇ," ಎಂದು ಮೇಡಮ್ಮು ಶುರುಮಾಡಿದಳು. "ನಾವು ಅಲ್ಲಿಗೆ ಹೊರಡೋಷ್ಟ್ರಲ್ಲಿ ಮೊಗಸಾಲೆ ಬಾಗಿಲು ಹಾಕಿದ್ರು. ಇವತ್ತು ಬೇಗ ಮುಚ್ತಾರಂತೆ, ನಮಗೇನು ಗೊತ್ತು? ನಾಳೆ ಸಾಯಂಕಾಲ ಫ್ಲೈಟು, ಟೈಮ್ ಸಿಗುತ್ತೋ ಇಲ್ವೋ. ನಿನಗೆ ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ..."

"ಬೆಳಗ್ಗೆ ಮೊದಲು ಅಲ್ಲಿಗೇ ಹೋಗೋಣ ಅಂದಿದ್ದೆ ನಾನು."

"ಫೋಟೋಗೆ ಬೆಳಗಿನ ಬಿಸಿಲು ಚೆನ್ನಾಗಿರುತ್ತೆ ಅಂತ ನದಿ ಹತ್ರ..."

"ಫೋಟೋ!" ಎಂದಳು. ಈಗ ದನಿ ಏರಿತು. "ನಿಮ್ಮ ಎಂಟು ದಿಕ್ಕಿನ ಫೋಟೋಗೂ ನಾನು ಹಲ್ಲು ಕಿರಿದು ನಿಂತೆ. 'ಅಜ್ಜಮ್ಮ ಈ ಕಡೆ ತಿರುಗು, ಅಜ್ಜಮ್ಮ ಗಲ್ಲ ಎತ್ತು' ಅಂದಾಗೆಲ್ಲ ಗಲ್ಲ ಎತ್ತಿದೆ. ನಾನು ಕೇಳಿದ್ದು ಒಂದು. ಒಂದೇ ಒಂದು ಜಾಗ!"

"ಅಯ್ಯೋ, ನೀನು ನೋಡೋದು ಕಿವೀಲಿ ತಾನೇ? ಇಲ್ಲೂ ಗುಂಯ್ ಅನ್ನುತ್ತೆ. ನಿನಗೆ ಖುಷಿಯಾದ್ರೆ ಸಾಕು ಅಂತ ನಾವು..."

"ಅದೇ ಮತ್ತೆ..." ಎಂದು ತಾಳ ಬಾಯಿ ಹಾಕಿದ.

"ನೀನು ಬಾಯಿ ಮುಚ್ಚು! ನನ್ನಜ್ಜಿ ಹೂಂನ ಚೂಯಿಂಗ್ ಗಮ್ ಜಗಿದ ಬಾಯಲ್ಲಿ ಹೇಳ್ತೀಯಲ್ಲ, ನಾಲಿಗೆ ಸೇದಿಹೋಗಲಿಲ್ವಾ ನಿಂಗೆ? ಕಿವಿ ಮೇಲೆ ಹೂ ಇಡೋದು ಕೇಳಿದ್ದೆ. ನೀವು ತೋಟಾನೇ ಇಟ್ರಲ್ಲೋ!"

ಯಾರೋ ದಾರಿಹೋಕರು ನಿಂತರು. ಹೆಜ್ಜೆ ಸದ್ದು ತೆಳುವಾಯಿತು. ಮೇಡಮ್ಮು ಅವಳ ಭುಜ ಹಿಡಿದು, "ಎಲ್ರೂ ನೋಡ್ತಿದಾರೆ ಕಣೇ," ಎಂದು ಪಿಸುಗುಟ್ಟಿದಳು.

"ನೋಡ್ಲಿ! ನೋಡೋಕೆ ಆಗೋರು ನೋಡ್ಕೊಳ್ಳಲಿ!"

"ಇಷ್ಟು ದಿನ ಕೈ ಹಿಡ್ಕೊಂಡು ಊರೆಲ್ಲ ಓಡಾಡಿಸಿದ್ದಕ್ಕೆ ಇದೇನಾ?" ಎಂದು ಮೇಡಮ್ಮುವಿನ ದನಿಯೂ ಬಿಗಿಯಿತು. "ನಮಗೇನು ಆಯಾಸ ಇಲ್ವಾ?"

ಆ ಮಾತು ಬಿದ್ದಲ್ಲೇ ಬಿದ್ದಿತ್ತು. ಅವಳು ಬಗ್ಗಿ ಚಪ್ಪಲಿ ಹುಡುಕಿ ಮೆಟ್ಟಿದಳು, ಕೋಲು ಕೈಗೆತ್ತಿಕೊಂಡಳು. ಎಸ್ಕಲೇಟರಿನ ಗುರುಗುಟ್ಟುವಿಕೆಯನ್ನು ಎಡಕ್ಕೆ ಬಿಟ್ಟು, ಬೀದಿಯ ತಣ್ಣನೆ ಗಾಳಿ ಬರುವ ಕಡೆ ನಡೆದಳು. ಗಾಜಿನ ಬಾಗಿಲು ತಾನಾಗಿ ಸರಿದು ದಾರಿ ಬಿಟ್ಟಿತು.

ಹೊರಗೆ ಕಲ್ಲುಹಾಸಿನ ಬೀದಿ. ಅಂಗಡಿಗಳ ಶಟರು ಒಂದೊಂದೇ ಇಳಿಯುತ್ತಿದ್ದವು. ಕೋಲಿಗೆ ಒಂದು ಬೆಂಚು ಸಿಕ್ಕಿತು. ಕೂತಳು. ಹಿಂದೆಯೇ ಓಡಿಬಂದ ಹೆಜ್ಜೆ ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಎಡಗಾಲನ್ನು ಸ್ವಲ್ಪ ಎಳೆಯುವ ಹೆಜ್ಜೆ. ಆ ಕಾಲಿನ ಮೀನಖಂಡ ಹಿಡಿದುಕೊಂಡಾಗಲೆಲ್ಲ ಉಜ್ಜಿ ಸರಿಮಾಡಿದವಳು ಅವಳೇ.

"ಕ್ಷಮಿಸೇ," ಎಂದ ಕಾಮೆಂಟ್ರಿ.

"ಅವರಿಬ್ಬರ ಮೇಲೆ ನನಗೆ ಸಿಟ್ಟಿಲ್ಲ," ಎಂದಳು. "ಅದು ಸುಳ್ಳು. ಇದೆ. ಆದ್ರೆ ಅದು ನಾಳೆಗೆ ಇಳಿಯುತ್ತೆ. ನಿನ್ನ ಮೇಲೆ ಬಂದಿರೋದು ಇಳಿಯೋ ಸಿಟ್ಟಲ್ಲ. ಅವರು ಗೋಡೆ ಬದಲಾಯಿಸಿದ್ರು. ನೀನು ನಕ್ಷತ್ರ ಬಿಡಿಸಿದೆ. ಪಾರಿವಾಳ ಹಾರಿಸಿದೆ. ಎಷ್ಟು ಸಲೀಸಾಗಿ ಬಂತೋ ಅದು ನಿನ್ನ ಬಾಯಿಗೆ! ತಡವರಿಸಲೂ ಇಲ್ಲ. ರೂಢಿ ಇದ್ದೋನಿಗೆ ಮಾತ್ರ ಹಾಗೆ ಬರುತ್ತೆ."

ಅವನ ಎಡಗಾಲು ಕಲ್ಲುಹಾಸಿನ ಮೇಲೆ ಒಮ್ಮೆ ಉಜ್ಜಿತು.

ಅವಳ ಕೈ ಕೋಲಿನ ಹಿಡಿಯ ಮೇಲೆ ಬಿಗಿಯಾಯಿತು. ಕೇಳಬಾರದ ಪ್ರಶ್ನೆಯೊಂದು ಗಂಟಲಿಗೆ ಬಂದು ನಿಂತಿತ್ತು. ಕೇಳಿದರೆ ಏನೋ ಒಂದು ಕುಸಿಯುತ್ತದೆ. ಕೇಳದಿದ್ದರೆ ಇನ್ನು ಮುಂದೆ ಯಾವುದೂ ನಿಲ್ಲುವುದಿಲ್ಲ.

ಅವಳ ಅಪ್ಪನಿಗೆ ಅವಳು ಓದುವುದು ಇಷ್ಟವಿರಲಿಲ್ಲ. "ಕಣ್ಣಿಲ್ಲದೋಳು ಯಾರ ಕೈಕಾಲು ನೋಡ್ತಾಳೆ? ಇವಳ ಕೈ ಹಿಡಿಯೋಕೇ ಒಬ್ಬ ಬೇಕು" ಎಂದು ಹೇಳಿ, ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ. ಪದವಿ ಪ್ರದಾನಕ್ಕೆ ಮಾತ್ರ ಬಂದರು. ಅವಳು ಕಾಮೆಂಟ್ರಿಯ ತೋಳು ಹಿಡಿದು ವೇದಿಕೆ ಹತ್ತುವಾಗ ಕೋಲನ್ನು ಅಪ್ಪನ ಕೈಗೆ ಕೊಟ್ಟು ಹೋಗಿದ್ದಳು. ಇಳಿಯುವಾಗ ಕಾಮೆಂಟ್ರಿ ಕಿವಿಯಲ್ಲಿ ಹೇಳಿದ್ದ: "ನಿಮ್ಮಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಕಣೇ! ಇಡೀ ಹಾಲ್‌ನಲ್ಲಿ ಮೊದಲು ಎದ್ದೋರು ಅವರೇ!" ಆ ಒಂದು ಮಾತಿಗೆ ಅವಳು ಹಳೆಯದನ್ನೆಲ್ಲ ತೊಳೆದು ಹಾಕಿದ್ದಳು. ಅಪ್ಪ ಕೋಲು ಮರಳಿಸಿದಾಗ ಹಿಡಿ ಒದ್ದೆಯಾಗಿತ್ತು. ಬೆವರಿರಬೇಕು ಎಂದು ಗೌನಿಗೆ ಒರೆಸಿಕೊಂಡಿದ್ದಳು. ಅಂದಿನಿಂದ ದೇವರ ಮುಂದೆ ನಿಂತಾಗಲೆಲ್ಲ ಆ ಚಪ್ಪಾಳೆಯನ್ನು ಕೇಳಿಸಿಕೊಳ್ಳುತ್ತಿದ್ದಳು.

"ನನ್ನಪ್ಪ ಎದ್ದು ನಿಂತ್ರಾ?" ಎಂದು ಕೇಳಿದಳು.

ಒಂದು ಶಟರು ಇಳಿಯಿತು. ಇನ್ನೊಂದು ಇಳಿಯಿತು.

"ಕೇಳಿದ್ದು ನಿನ್ನನ್ನ."

"ಇಲ್ಲ," ಎಂದ ಅವನು.

"ಚಪ್ಪಾಳೆ?"

"ಇಲ್ಲ ಕಣೇ."

"ಮತ್ತೇನು ಮಾಡ್ತಿದ್ರು? ಎದ್ದು ಆಚೆ ಹೋಗಿದ್ರಾ? ಹೇಳು! ಈಗ್ಲಾದ್ರೂ ಇದ್ದದ್ದು ಇದ್ದ ಹಾಗೆ ಹೇಳು!"

"ಕೂತಿದ್ರು." ಅವನ ದನಿ ಒಡೆಯಿತು. "ನಿನ್ನ ಕೋಲನ್ನ ಎರಡು ಮಂಡಿ ಮಧ್ಯ ನಿಲ್ಲಿಸ್ಕೊಂಡು, ಎರಡೂ ಕೈಲಿ ಹಿಡ್ಕೊಂಡು, ಅದರ ಹಿಡಿ ಮೇಲೆ ಹಣೆ ಇಟ್ಟು ಕೂತಿದ್ರು. ನಿನ್ನ ಹೆಸರು ಕೂಗಿದಾಗಿಂದ ನೀನು ಇಳಿಯೋ ತನಕ ತಲೆ ಎತ್ತಲೇ ಇಲ್ಲ. ಪಕ್ಕದೋರು ಬೆನ್ನು ತಟ್ಟಿದ್ರು, ಆದ್ರೂ ಎತ್ತಲಿಲ್ಲ. ಎಲ್ಲರ ಮನೆಯವರೂ ಕುಣೀತಿದ್ರು. ಅದನ್ನ ನಿಂಗೆ ಹೇಗೆ ಹೇಳೋದು? ಅದು ಅಷ್ಟು ಚೆನ್ನಾಗಿ ಕಾಣ್ತಿರಲಿಲ್ಲ..."

"ಯಾರಿಗೋ?" ಎಂದು ಅವಳು ಎದ್ದು ನಿಂತಳು. "ಯಾರಿಗೆ ಚೆನ್ನಾಗಿ ಕಾಣ್ತಿರಲಿಲ್ಲ? ನನಗಾ?"

ಅವಳ ಬೆರಳು ಕೋಲಿನ ಹಿಡಿಯನ್ನು ಸವರುತ್ತಿತ್ತು. ಈಗ ಅದು ಒಣಗಿತ್ತು, ಒಣಗದೆ ಏನು! ಅಂದು ಅದು ಬೆವರಾಗಿರಲಿಲ್ಲ. ಅವಳ ಅಂಗೈಗೆ ಗೊತ್ತಿತ್ತು. ಬೆವರು ಯಾವುದು, ಯಾವುದು ಅಲ್ಲ ಎಂದು ರೋಗಿಗಳ ಮೈ ಮುಟ್ಟಿ ಕಲಿತ ಅಂಗೈ. ಆದರೆ ಇವನ ನಾಲಿಗೆಯ ಮುಂದೆ ತನ್ನ ಅಂಗೈಯನ್ನೇ ಸುಳ್ಳು ಮಾಡಿಕೊಂಡು, ಆ ಒದ್ದೆಯನ್ನು ಗೌನಿಗೆ ಒರೆಸಿ ಹಾಕಿದ್ದಳು. ಅಯ್ಯೋ, ಒರೆಸಿ ಹಾಕಿದ್ದಳು!

"ನನ್ನಪ್ಪನ್ನ ಕಿತ್ಕೊಂಡೆಯಲ್ಲೋ," ಎಂದಳು. ದನಿ ನಡುಗಿತು, ಮಾತು ನಡುಗಲಿಲ್ಲ. "ನನಗೆ ಇದ್ದೋರು ಅವರು. ಕೋಲಿನ ಮೇಲೆ ಹಣೆ ಇಟ್ಟೋರು. ಅವರನ್ನ ತೆಗೆದು, ಎದ್ದು ನಿಂತು ಚಪ್ಪಾಳೆ ಹೊಡೆಯೋ ಯಾರೋ ಸಿನಿಮಾ ಅಪ್ಪನ್ನ ತಂದು ಕೊಟ್ಟೆ. ಮನೆಗೆ ಹೋಗಿ ನಾನು 'ಅಪ್ಪ, ನೀವು ಎದ್ದು ನಿಂತ್ರಂತೆ' ಅಂದೆ. ಅವರು ಕೆಮ್ಮಿ ಸುಮ್ಮನಾದ್ರು. ನಾಚಿಕೆ ಅಂದ್ಕೊಂಡೆ! ಎದ್ದು ನಿಲ್ಲದ ಮನುಷ್ಯನಿಗೆ ಮಗಳು ಹಾಗಂದ್ರೆ ಎದೆಗೆ ಎಲ್ಲಿ ನಾಟಿರುತ್ತೆ, ಯೋಚನೆ ಮಾಡಿದ್ಯಾ?"

"ನಿನಗೆ ಒಳ್ಳೇದಾಗ್ಲಿ ಅಂತ..."

"ಹಾಳಾಗಿ ಹೋಗ್ಲಿ ನಿನ್ನ ಒಳ್ಳೇದು! ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತಂತೆ, ಲೋಕಕ್ಕೆ ಕಾಣಲ್ಲ ಅಂತ. ಇಲ್ಲಿ ಕಣ್ಣು ಮುಚ್ಚಿರೋಳು ನಾನು, ಹಾಲು ಕುಡಿದೋನು ನೀನು!"

ಆ ರಾತ್ರಿ, ಖರ್ಚು ಉಳಿಸಲು ಹಂಚಿಕೊಂಡ ಹೋಟೆಲಿನ ಒಂದೇ ಕೋಣೆಯಲ್ಲಿ ನಾಲ್ಕು ಜನರ ನಡುವೆ ನಾಲ್ಕು ಮಾತಾಗಲಿಲ್ಲ. ಮೇಡಮ್ಮು ಸೂಟ್‌ಕೇಸಿನ ಜಿಪ್ಪನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದಳು. ತಾಳ ಯಾರ ಮಾತಿಗೆ ಅದೇ ಮತ್ತೆ ಎನ್ನಬೇಕೋ ತಿಳಿಯದೆ ಬೇಗ ಹೊದ್ದು ಮಲಗಿದ. ಅವಳು ಮಂಚದ ಮೇಲೆ ಕೂತು, ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿ, ಹಿಡಿಯ ಮೇಲೆ ಹಣೆ ಇಟ್ಟು ನೋಡಿದಳು. ಸರಿಯಾಗಿ ಹಣೆಯ ಎತ್ತರಕ್ಕೇ ಬಂತು.

ಬೆಳಗ್ಗೆ ಎದ್ದು ಸ್ನಾನ ಮಾಡಿ, ಅಂದಿನ ಪದ್ಯವನ್ನು ಹೇಳದೆ ಬಾಯಲ್ಲೇ ಇಟ್ಟುಕೊಂಡು, ಕಾಮೆಂಟ್ರಿಯನ್ನು ಕೋಲಿನ ತುದಿಯಿಂದ ತಿವಿದು ಎಬ್ಬಿಸಿದಳು.

"ಏಳು. ಗುಮ್ಮಟದ ಬಾಗಿಲು ತೋರಿಸು. ತುಟಿ ಎರಡಾದ್ರೆ ಅಲ್ಲಿಂದಲೇ ವಾಪಸ್."

ಮೇಡಮ್ಮು ಹಾಸಿಗೆಯಲ್ಲಿ ಎದ್ದು ಕೂತು, "ನಾನೂ ಬರ್ಲೇನೇ?" ಎಂದಳು. ಮೆತ್ತಗೆ ಕೇಳಿದಳು.

"ಬೇಡ. ನಿನಗೆ ಆಯಾಸ."

ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ. ಅವನ ಮೊಣಕೈ ಹಿಡಿಯಲಿಲ್ಲ ಅವಳು. ಅವನ ಎಳೆಯುವ ಕಾಲಿನ ಸದ್ದನ್ನು ಹಿಂಬಾಲಿಸಿದಳು. ದೊಡ್ಡ ಬಾಗಿಲು ದಾಟಿದ ಕೂಡಲೇ ಚಪ್ಪಲಿ ಹೇಳಿತು, ಬಂದೆವೆಂದು. ನೆಲ ಟಪ್ಪೆಂದಿತು, ಆ ಟಪ್ಪು ಮೇಲೆ ಹೋಗಿ, ಎಲ್ಲೋ ತಿರುಗಿ, ಯೋಚನೆ ಮಾಡಿ ಕೆಳಗಿಳಿಯಿತು. ಹಳೆಯ ಮೇಣದ ವಾಸನೆ, ತಣ್ಣನೆ ಕಲ್ಲಿನ ವಾಸನೆ. ಸುರುಳಿ ಮೆಟ್ಟಿಲು. ಪ್ರತಿ ಮೆಟ್ಟಿಲೂ ನಡುವೆ ಸವೆದು ತೊಟ್ಟಿಲಿನಂತೆ ತಗ್ಗಾಗಿತ್ತು. ಎಷ್ಟು ಜನರ ಕಾಲು ಸವೆಸಿರಬೇಕು! ಅವಳೇ ಮುಂದೆ ಹತ್ತಿದಳು. ಹಿಂದೆ ಅವನ ಏದುಸಿರು.

ಮೇಲೆ ಮೊಗಸಾಲೆ. ಗೋಡೆ ಮುಟ್ಟಿದಳು. ಚಳಿಗಾಲದ ಕೊಡದಂತೆ ತಣ್ಣಗೆ, ಗಟ್ಟಿ, ಕೈಗೆ ತಿಳಿಯುವಷ್ಟು ಬಾಗಿದ ಗೋಡೆ.

"ನೀನು ಆ ಕಡೆ ಹೋಗಿ ಗೋಡೆಗೆ ಕಿವಿ ಕೊಟ್ಟು ನಿಲ್ಲು," ಎಂದಳು. "ನಿನ್ನ ಬಾಯಿಂದ ಹೂಂ ಬಂತೋ, ಈ ಜನ್ಮದಲ್ಲಿ ನಿನ್ನ ಮಾತಾಡಿಸಲ್ಲ."

ಎಳೆಯುವ ಕಾಲಿನ ಸದ್ದು ದೂರವಾಯಿತು, ಸುತ್ತಿತು, ನಿಂತಿತು. ಅವಳು ಚಪ್ಪಲಿ ಕಳಚಿದಳು. ಹಣೆಯನ್ನು ಕಲ್ಲಿಗಿಟ್ಟಳು. ಅಜ್ಜಿಯ ಎರಡು ಸಾಲು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತೆರೆದ ಬಾಯಿಂದ ಮೊದಲು ಹೊರಟದ್ದು ಅದಲ್ಲ. ಎದೆಯಲ್ಲಿ ಸಿಟ್ಟಿಟ್ಟುಕೊಂಡು ದೇವರ ಮಾತು ಆಡಬಾರದೆಂದು ಅಜ್ಜಿಯೇ ಹೇಳಿದ್ದರು. ಅದಕ್ಕೆ ಮೊದಲು ಎದೆ ಖಾಲಿ ಮಾಡಿದಳು.

"ಸುಳ್ಳುಗಾರ," ಎಂದು ಗೋಡೆಗೆ ಪಿಸುಗುಟ್ಟಿದಳು. "ನನ್ನ ಕಣ್ಣು ಅಂತ ನಂಬಿದ್ದೆ. ಕಳ್ಳ. ಕಳ್ಳ ನೀನು."

ಗೋಡೆ ಆ ಮಾತನ್ನು ಒಂದಕ್ಷರ ಚೆಲ್ಲದೆ ಹೊತ್ತುಕೊಂಡು ಹೋಯಿತು. ಅತ್ತಣಿಂದ ಒಂದು ಬಿಕ್ಕು ಬಂತು, ಪಕ್ಕದಲ್ಲೇ ನಿಂತು ಬಿಕ್ಕಿದಷ್ಟು ಹತ್ತಿರ. ಅವಳಿಗೆ ಕರುಣೆ ಬರಲಿಲ್ಲ. ಬರಲಿ ಎಂದು ಕಾಯಲೂ ಇಲ್ಲ. ಉಸಿರೆಳೆದುಕೊಂಡು ಪದ್ಯ ಹೇಳಿದಳು.

"ಬಾಗಿಲೊಳಗೂ ನೀನೆ, ಬಾಗಿಲಾಚೆಗು ನೀನೆ,
ಕೂಗಿದರೆ ಓ ಎನ್ನು ಸಾಕು ತಂದೆ."

ಯಾರೂ ಹೂಂ ಅನ್ನಲಿಲ್ಲ. 'ತಂದೆ' ಎಂಬ ಮಾತು ಮಾತ್ರ ಗೋಡೆಯಲ್ಲಿ ಸುತ್ತಿ, ಅಕ್ಷರ ಕಳಚಿಕೊಂಡು, ಬರೀ ಒಂದು ಮೊರೆತವಾಗಿ ಅವಳ ಹಣೆಯ ಎಲುಬಿಗೆ ಬಂದು ತಾಗಿತು. ತಲೆ ಎತ್ತದೆ ಕೂತ ಮನುಷ್ಯನೊಬ್ಬ ಗಂಟಲಲ್ಲೇ ಮಾಡುವ ಸದ್ದಿನ ಹಾಗಿತ್ತು ಅದು. ಅವಳು ಅಲ್ಲಾಡದೆ ನಿಂತಳು.

ಬಹಳ ಹೊತ್ತಿನ ಮೇಲೆ ಅವಳು ಹಣೆ ತೆಗೆದು ಕಿವಿ ಇಟ್ಟಾಗ ಗೋಡೆಯೊಳಗಿನಿಂದ ಕಾಮೆಂಟ್ರಿಯ ದನಿ ಬಂತು. ಏರಿಳಿತವಿಲ್ಲ, ಬಣ್ಣವಿಲ್ಲ, ಲೆಕ್ಕದ ಮೇಷ್ಟರಿಗೆ ಮಗ್ಗಿ ಒಪ್ಪಿಸುವವನ ಹಾಗೆ.

"ನಕ್ಷತ್ರ ಇಲ್ಲ. ಗಾರೆ ಬೂದುಬಣ್ಣ. ಒಂದು ಕಡೆ ನೀರು ಇಳಿದ ಕಲೆ ಇದೆ, ಉದ್ದಕ್ಕೆ, ಕಂದು. ಒಂದು ಕಿಟಕಿಗೆ ಗಾಜು ಒಡೆದು ಹಲಗೆ ಬಡಿದಿದಾರೆ. ಪಾರಿವಾಳ ಇಲ್ಲ. ಒಂದು ಗರಿ ಇದೆ, ಕಟಕಟೆ ಮೇಲೆ."

ಅವಳು ಹೂಂ ಅನ್ನಲಿಲ್ಲ. ಕಿವಿಯನ್ನು ಗೋಡೆಯಿಂದ ತೆಗೆಯಲೂ ಇಲ್ಲ.